ಹದಿನೆಂಟು ಸಾವಿರದ ಗಿಟಾರ್, ಎರಡು ಲಕ್ಷದ ಗಿಟಾರ್: ವ್ಯತ್ಯಾಸ ಎಲ್ಲಿದೆ, ನೋಡಿ ಕೊಳ್ಳುವುದು ಹೇಗೆ?

ಎಲೆಕ್ಟ್ರಿಕ್ ಗಿಟಾರ್ ಕೊಳ್ಳಲು ಹೊರಟವರ ತಲೆ ಮೊದಲು ಕೆಡಿಸುವುದು ಬೆಲೆ. ಒಂದೇ ಆಕಾರದ, ಒಂದೇ ಬಣ್ಣದ ಎರಡು ಗಿಟಾರ್ ಅಂಗಡಿಯ ಗೋಡೆ ಮೇಲೆ ಅಕ್ಕಪಕ್ಕ ನೇತಾಡುತ್ತಿರುತ್ತವೆ. ಒಂದಕ್ಕೆ ಹದಿನೆಂಟು ಸಾವಿರ, ಇನ್ನೊಂದಕ್ಕೆ ಹತ್ತಿರ ಹತ್ತಿರ ಎರಡು ಲಕ್ಷ. ಎರಡರಲ್ಲೂ ಆರು ತಂತಿ, ಮೂರು ಪಿಕಪ್ (ತಂತಿಯ ಅಲುಗಾಟವನ್ನು ವಿದ್ಯುತ್ ಮಾಡುವ ಭಾಗ), ಅದೇ ಐದು ಸ್ಥಾನದ ಸ್ವಿಚ್. ಹಾಗಾದರೆ ಹತ್ತು ಪಟ್ಟು ದುಡ್ಡು ಯಾವುದಕ್ಕೆ?

ಈ ವ್ಯತ್ಯಾಸದಲ್ಲಿ ಕಿವಿಗೆ ಕೇಳಿಸುವುದು ಕಡಿಮೆ, ಕೈಗೆ ತಿಳಿಯುವುದು ಜಾಸ್ತಿ. ಕೈಗೆ ತಿಳಿಯುವ ಕೊರತೆಗಳಲ್ಲೂ ಹೆಚ್ಚಿನವನ್ನು ಸ್ವಲ್ಪ ತಾಳ್ಮೆ, ಒಂದೆರಡು ಸಣ್ಣ ಸಾಮಾನು ಇಟ್ಟುಕೊಂಡು ಸರಿ ಮಾಡಬಹುದು. ಕೆಲವನ್ನು ಯಾರಿಂದಲೂ ಸರಿ ಮಾಡಲಾಗುವುದಿಲ್ಲ. ಯಾವುದು ಸರಿಯಾಗುತ್ತದೆ, ಯಾವುದು ಆಗುವುದಿಲ್ಲ ಎಂದು ಅಂಗಡಿಯಲ್ಲೇ ಗುರುತಿಸಲು ಬಂದರೆ ಕಡಿಮೆ ದುಡ್ಡಿನಲ್ಲೂ ವರ್ಷಗಟ್ಟಲೆ ನುಡಿಸುವ ಗಿಟಾರ್ ಸಿಗುತ್ತದೆ. ಈ ಲೇಖನ ಅದಕ್ಕಾಗಿಯೇ.

ಬೆಲೆ ಎಲ್ಲಿಂದ ಬರುತ್ತದೆ ಎಂದು ಮೊದಲು ತಿಳಿದುಕೊಳ್ಳಿ

ಫೆಂಡರ್ ಮತ್ತು ಗಿಬ್ಸನ್, ಈ ಎರಡು ಅಮೆರಿಕನ್ ಕಂಪನಿಗಳನ್ನು ನೋಡಿದರೆ ಬೆಲೆಯ ಲೆಕ್ಕ ಬಹುಮಟ್ಟಿಗೆ ಅರ್ಥವಾಗುತ್ತದೆ. ಗಿಬ್ಸನ್‌ನ ಲೆಸ್ ಪಾಲ್ 1952ರಲ್ಲಿ ಬಂತು, ಫೆಂಡರ್‌ನ ಸ್ಟ್ರಾಟೊಕ್ಯಾಸ್ಟರ್ 1954ರಲ್ಲಿ. ಇವತ್ತು ಅಂಗಡಿಯಲ್ಲಿ ಕಾಣುವ ಹೆಚ್ಚಿನ ಗಿಟಾರ್‌ಗಳ ಆಕಾರ ಹುಟ್ಟಿದ್ದು ಇವುಗಳಿಂದಲೇ. 1970ರ ದಶಕದಲ್ಲಿ ಜಪಾನಿನ ಕಾರ್ಖಾನೆಗಳು ಇವುಗಳ ನಕಲು ಮಾಡಿ ಮಾರತೊಡಗಿದವು. ಬೆಲೆ ಕಡಿಮೆ, ಕೆಲಸ ಅಚ್ಚುಕಟ್ಟು. ಪೈಪೋಟಿ ತಡೆಯಲಾರದೆ ಫೆಂಡರ್ ತಾನೇ ಜಪಾನಿನಲ್ಲಿ ಗಿಟಾರ್ ಮಾಡಿಸಲು ಮುಂದಾಯಿತು. 1982ರಲ್ಲಿ ಸ್ಕ್ವಾಯರ್ ಹೆಸರಿನ ಗಿಟಾರ್‌ಗಳು ಬಂದದ್ದು ಹೀಗೆ. ಅಗ್ಗದ ಸಾಲು ಎಂದು ಶುರುವಾದ ಆ ಮೊದಲ ಜಪಾನಿ ಸ್ಕ್ವಾಯರ್‌ಗಳನ್ನು ಈಗ ಸಂಗ್ರಹಕಾರರು ಹುಡುಕಿಕೊಂಡು ಹೋಗಿ ಕೊಳ್ಳುತ್ತಾರೆ.

ಈಗಿನ ಸ್ಥಿತಿ ಹೀಗಿದೆ. ಸ್ಕ್ವಾಯರ್ ಬಹುತೇಕ ಇಂಡೋನೇಷ್ಯಾ, ಚೀನಾಗಳಲ್ಲಿ ತಯಾರಾಗುತ್ತದೆ. ಫೆಂಡರ್ ಹೆಸರಿನ ಮಧ್ಯಮ ಬೆಲೆಯ ಪ್ಲೇಯರ್ ಸಾಲು ಮೆಕ್ಸಿಕೊದ ಎನ್ಸೆನಾಡಾದಲ್ಲಿ. ಮೇಲಿನ ಅಮೆರಿಕನ್ ಸಾಲು ಕ್ಯಾಲಿಫೋರ್ನಿಯಾದ ಕೊರೋನಾದಲ್ಲಿ. ಗಿಬ್ಸನ್ ತನ್ನ ಲೆಸ್ ಪಾಲ್ ಅನ್ನು ನ್ಯಾಶ್‌ವಿಲ್‌ನಲ್ಲಿ ಮಾಡುತ್ತದೆ, ಅದೇ ಆಕಾರದ ಎಪಿಫೋನ್ ಅನ್ನು ಚೀನಾದ ಚಿಂಗ್‌ಡಾವ್‌ನಲ್ಲಿ. ಪಿಆರ್‌ಎಸ್ ಕಂಪನಿಯ ದುಬಾರಿ ಗಿಟಾರ್‌ಗಳು ಅಮೆರಿಕದ ಮೇರಿಲ್ಯಾಂಡ್‌ನವು. ಅದರ ಎಸ್‌ಇ ಸಾಲು ಇಂಡೋನೇಷ್ಯಾದಲ್ಲಿ, ಕೊರಿಯಾ ಮೂಲದ ಕೋರ್ಟ್ ಕಂಪನಿಯ ಕಾರ್ಖಾನೆಯಲ್ಲಿ ತಯಾರಾಗುತ್ತದೆ. ಇದೇ ಕೋರ್ಟ್ ಬೇರೆ ದೊಡ್ಡ ಬ್ರ್ಯಾಂಡ್‌ಗಳಿಗೂ ಗಿಟಾರ್ ಮಾಡಿಕೊಡುತ್ತದೆ, ತನ್ನ ಹೆಸರಿನಲ್ಲೂ ಮಾರುತ್ತದೆ. ಹಾಗಾಗಿ ಕೋರ್ಟ್ ಹೆಸರಿನ ಗಿಟಾರ್ ಸಿಕ್ಕರೆ, ಹೆಸರು ಕೇಳಿಲ್ಲ ಎಂದು ತಳ್ಳಿಹಾಕಬೇಡಿ. ಅದೇ ಕಾರ್ಖಾನೆಯ ಕೈಗಳ ಕೆಲಸ ಅದು.

ಬೆಲೆಯ ದೊಡ್ಡ ಪಾಲು ಕೂಲಿ. ಇನ್ನೊಂದು ಪಾಲು ಹೆಸರು. ಮರ, ಕಬ್ಬಿಣ, ತಾಮ್ರದ ಪಾಲು ನಾವು ಅಂದುಕೊಂಡಷ್ಟು ಇಲ್ಲ. ಮರ ಕೊರೆಯುವ ಕೆಲಸವನ್ನು ಈಗ ಎರಡೂ ಕಡೆ ಕಂಪ್ಯೂಟರ್ ನಡೆಸುವ ಯಂತ್ರಗಳೇ ಮಾಡುತ್ತವೆ. ಆದ್ದರಿಂದ ನೆಕ್ಕಿನ (ಕೈಯಲ್ಲಿ ಹಿಡಿಯುವ ಉದ್ದನೆಯ ಭಾಗ) ಅಳತೆ, ಫ್ರೆಟ್‌ಗಳ (ನೆಕ್ಕಿನ ಮೇಲಿನ ಅಡ್ಡ ಲೋಹದ ಪಟ್ಟಿಗಳು) ನಡುವಿನ ಅಂತರ, ಬಾಡಿಯ ಆಕಾರ ಇವು ಅಗ್ಗದ ಗಿಟಾರ್‌ನಲ್ಲೂ ಸರಿಯಾಗಿಯೇ ಇರುತ್ತವೆ. ನಲವತ್ತು ವರ್ಷದ ಹಿಂದೆ ಅಗ್ಗದ ಗಿಟಾರ್ ಎಂದರೆ ನುಡಿಸಲು ಬಾರದ ಗಿಟಾರ್ ಎನ್ನುವ ಮಾತಿತ್ತು. ಈಗ ಆ ಮಾತು ಉಳಿದಿಲ್ಲ. ವ್ಯತ್ಯಾಸ ಉಳಿದಿರುವುದು ಯಂತ್ರದ ಕೆಲಸ ಮುಗಿದ ಮೇಲೆ ಮನುಷ್ಯನ ಕೈ ಎಷ್ಟು ಹೊತ್ತು ಆ ಗಿಟಾರ್ ಮೇಲೆ ಇತ್ತು ಎನ್ನುವುದರಲ್ಲಿ. ಫ್ರೆಟ್‌ನ ತುದಿ ಉಜ್ಜುವುದು, ನಟ್‌ನಲ್ಲಿ (ನೆಕ್ಕಿನ ತುದಿಯಲ್ಲಿ ತಂತಿ ಹಾಯುವ ಪಟ್ಟಿ) ಕಚ್ಚು ಕೊರೆಯುವುದು, ಕೊನೆಯ ಸೆಟಪ್, ಅಂದರೆ ನುಡಿಸಲು ಹದ ಮಾಡುವುದು ಎಲ್ಲ ಸಮಯ ತಿನ್ನುವ ಕೆಲಸ. ಅಗ್ಗದ ಗಿಟಾರ್‌ನಲ್ಲಿ ಮೊದಲು ಕತ್ತರಿ ಬೀಳುವುದು ಇವಕ್ಕೇ.

ನಮ್ಮಲ್ಲಿ ಬೆಲೆಗಳನ್ನು ಅಂದಾಜಿಗೆ ನಾಲ್ಕು ಮೆಟ್ಟಿಲಾಗಿ ನೋಡಬಹುದು. ಹತ್ತು ಸಾವಿರದ ಒಳಗಿನದು ಮೊದಲನೆಯದು. ಇಲ್ಲಿ ಅದೃಷ್ಟದ ಪಾಲು ಜಾಸ್ತಿ, ಒಂದು ಚೆನ್ನಾಗಿದ್ದರೆ ಪಕ್ಕದ್ದು ಕೆಟ್ಟದಾಗಿರುತ್ತದೆ. ಹದಿನೈದರಿಂದ ಮೂವತ್ತೈದು ಸಾವಿರದ ಮೆಟ್ಟಿಲಲ್ಲಿ ಸ್ಕ್ವಾಯರ್, ಯಮಹಾ ಪೆಸಿಫಿಕಾ, ಐಬನೆಜ್ ಜಿಯೊ, ಕೋರ್ಟ್ ಸಿಗುತ್ತವೆ. ಹೊಸಬರು ಕೊಡುವ ದುಡ್ಡಿಗೆ ಅತಿ ಹೆಚ್ಚು ಗುಣ ಸಿಗುವುದು ಇಲ್ಲೇ. 1990ರಲ್ಲಿ ಶುರುವಾದ ಪೆಸಿಫಿಕಾ ಸಾಲಿನ 112 ಮಾದರಿ ಇಂದಿಗೂ ಕಲಿಯುವವರಿಗೆ ನಾನು ಹಿಂಜರಿಯದೆ ಹೇಳುವ ಗಿಟಾರ್. ಮೂರನೆಯ ಮೆಟ್ಟಿಲು ಅರವತ್ತು ಸಾವಿರದಿಂದ ಒಂದು ಲಕ್ಷದವರೆಗೆ. ಅಲ್ಲಿಂದ ಮೇಲೆ, ಒಂದೂವರೆ, ಎರಡು ಲಕ್ಷ ದಾಟಿದ ಅಮೆರಿಕನ್ ಗಿಟಾರ್‌ಗಳು. ಮೊದಲ ಮೆಟ್ಟಿಲಿನಿಂದ ಎರಡನೆಯದಕ್ಕೆ ಹೋದರೆ ಗುಣದಲ್ಲಿ ದೊಡ್ಡ ಜಿಗಿತ. ಎರಡರಿಂದ ಮೂರಕ್ಕೆ ಮಧ್ಯಮ. ಮೂರರಿಂದ ನಾಲ್ಕಕ್ಕೆ ಬಹಳ ಸಣ್ಣದು, ಆದರೆ ಬೆಲೆಯ ಜಿಗಿತ ಅಲ್ಲೇ ಅತಿ ದೊಡ್ಡದು.

ಮರದ ಮಾತಿಗೆ ಮರುಳಾಗಬೇಡಿ

ದುಬಾರಿ ಗಿಟಾರ್ ಮಾರುವಾಗ ಮರದ ಬಗ್ಗೆ ತುಂಬ ಹೇಳುತ್ತಾರೆ. ಅಗ್ಗದ್ದರಲ್ಲಿ ಪಾಪ್ಲರ್, ಬಾಸ್‌ವುಡ್. ದುಬಾರಿಯದರಲ್ಲಿ ಆಲ್ಡರ್, ಆ್ಯಶ್, ಮಹಾಗನಿ. ಅಕೂಸ್ಟಿಕ್ ಗಿಟಾರ್‌ನಲ್ಲಿ ಮರವೇ ಕಂಪಿಸಿ ಸದ್ದು ಕೊಡುವುದರಿಂದ ಆ ಮಾತಿಗೆ ಅರ್ಥವಿದೆ. ಎಲೆಕ್ಟ್ರಿಕ್‌ನಲ್ಲಿ ಕೆಲಸ ನಡೆಯುವ ರೀತಿಯೇ ಬೇರೆ. ಪಿಕಪ್ ಎಂದರೆ ಅಯಸ್ಕಾಂತದ ಸುತ್ತ ಸಾವಿರಾರು ಸುತ್ತು ಸುತ್ತಿದ ಕೂದಲಿನಷ್ಟು ತೆಳುವಾದ ತಾಮ್ರದ ತಂತಿ. ಮೇಲೆ ಉಕ್ಕಿನ ತಂತಿ ಅಲುಗಿದಾಗ ಅಲ್ಲಿ ಸಣ್ಣ ವಿದ್ಯುತ್ ಹುಟ್ಟುತ್ತದೆ. ಆಂಪ್‌ಗೆ, ಅಂದರೆ ಸದ್ದು ಹೆಚ್ಚಿಸುವ ಪೆಟ್ಟಿಗೆಗೆ, ಹೋಗುವುದು ಅದೇ. ಮರದ ಸದ್ದು ನೇರವಾಗಿ ಅದರೊಳಗೆ ಹೋಗುವುದಿಲ್ಲ.

ನ್ಯಾಶ್‌ವಿಲ್‌ನ ಗಿಟಾರ್ ವಾದಕ ಜಿಮ್ ಲಿಲ್ ಕೆಲವು ವರ್ಷಗಳ ಹಿಂದೆ ಇದನ್ನು ಪರೀಕ್ಷಿಸಿ ತೋರಿಸಿದರು. ಬಾಡಿಯೂ ಇಲ್ಲದೆ, ನೆಕ್ಕೂ ಇಲ್ಲದೆ ಎರಡು ಮೇಜುಗಳ ನಡುವೆ ತಂತಿ ಬಿಗಿದು, ಕೆಳಗೆ ಅದೇ ಪಿಕಪ್ ಅನ್ನು ಅಷ್ಟೇ ದೂರದಲ್ಲಿ ಇಟ್ಟು ನುಡಿಸಿದರು. ಕೇಳಿದರೆ ದುಬಾರಿ ಗಿಟಾರ್‌ಗೂ ಅದಕ್ಕೂ ವ್ಯತ್ಯಾಸ ಹಿಡಿಯುವುದು ಕಷ್ಟ. ತಂತಿಯ ಉದ್ದ, ಪಿಕಪ್ ಇರುವ ಜಾಗ, ಅದರ ಎತ್ತರ, ಪಿಕಪ್‌ನ ಗುಣ, ಆಂಪ್ ಮತ್ತು ಸ್ಪೀಕರ್. ಸ್ವರದ ಬಣ್ಣ ಬಹುಪಾಲು ಇವುಗಳಿಂದಲೇ ಬರುತ್ತದೆ. ಮರ ಮುಖ್ಯವಾಗುವುದು ತೂಕಕ್ಕೆ, ಬಾಳಿಕೆಗೆ, ನೆಕ್ಕು ಸೊಟ್ಟಗಾಗದೆ ಇರುವುದಕ್ಕೆ.

ಕ್ವೀನ್ ತಂಡದ ಗಿಟಾರ್ ವಾದಕ ಬ್ರಿಯಾನ್ ಮೇ ತಮ್ಮ ತಂದೆಯ ಜೊತೆ ಸೇರಿ ಹಳೆಯ ಬೆಂಕಿಗೂಡಿನ ಮರದಿಂದ ಮಾಡಿಕೊಂಡ ಗಿಟಾರ್ ಅನ್ನು ದಶಕಗಳಿಂದ ದೊಡ್ಡ ವೇದಿಕೆಗಳಲ್ಲಿ ನುಡಿಸುತ್ತ ಬಂದಿದ್ದಾರೆ. ಅಮೆರಿಕದ ರಾಕ್ ವಾದಕ ಎಡ್ಡಿ ವ್ಯಾನ್ ಹೇಲನ್ ಸುಮಾರು 50 ಡಾಲರ್‌ನ ಬಾಡಿ, 80 ಡಾಲರ್‌ನ ನೆಕ್ ತಂದು ತಾವೇ ಜೋಡಿಸಿದ ಗಿಟಾರ್ ರಾಕ್ ಸಂಗೀತದ ದಾರಿಯನ್ನೇ ಬದಲಿಸಿತು.

ಮರದ ವಿಷಯದಲ್ಲಿ ನಮಗೆ ಹತ್ತಿರದ ಸಂಗತಿಯೊಂದಿದೆ. ಗಿಟಾರ್‌ನ ಫ್ರೆಟ್‌ಬೋರ್ಡಿಗೆ (ಫ್ರೆಟ್ ಕೂರಿಸುವ ಮರದ ಹಲಗೆ) ಲೋಕದಾದ್ಯಂತ ಬಳಸುವ ಇಂಡಿಯನ್ ರೋಸ್‌ವುಡ್ ಎಂದರೆ ನಮ್ಮ ಪಶ್ಚಿಮ ಘಟ್ಟದಲ್ಲೂ ಬೆಳೆಯುವ ಬೀಟೆ ಮರ. 2017ರ ಜನವರಿಯಿಂದ ಅಳಿವಿನ ಭಯದ ಗಿಡ, ಪ್ರಾಣಿಗಳ ವ್ಯಾಪಾರಕ್ಕೆ ಮಿತಿ ಹಾಕುವ ಸೈಟಿಸ್ ಎಂಬ ಅಂತಾರಾಷ್ಟ್ರೀಯ ಒಪ್ಪಂದದ ಕೆಳಗೆ ಈ ಜಾತಿಯ ಎಲ್ಲ ಮರಗಳ ಸಾಗಾಟಕ್ಕೂ ಕಾಗದಪತ್ರ ಬೇಕಾಯಿತು. ಅಗ್ಗದ ಗಿಟಾರ್ ಮಾಡುವವರಿಗೆ ಆ ತೊಡಕು ಬೇಡವಾಗಿತ್ತು. ಅನೇಕರು ಇಂಡಿಯನ್ ಲಾರೆಲ್‌ಗೆ ಬದಲಾದರು. ಅದು ನಮ್ಮ ಮತ್ತಿ ಮರ. 2019ರ ನವೆಂಬರ್‌ನಲ್ಲಿ ತಯಾರಾದ ವಾದ್ಯಗಳಿಗೆ ವಿನಾಯಿತಿ ಸಿಕ್ಕಿತು, ಆದರೂ ಸ್ಕ್ವಾಯರ್, ಎಪಿಫೋನ್‌ಗಳ ಅನೇಕ ಮಾದರಿಗಳಲ್ಲಿ ಮತ್ತಿಯೇ ಉಳಿಯಿತು. ಬೀಟೆಗಿಂತ ಅದರ ಬಣ್ಣ ಕೊಂಚ ತಿಳಿ, ಎಳೆ ಕೊಂಚ ಒರಟು. ಗಟ್ಟಿತನದಲ್ಲಿ ಕೊರತೆ ಇಲ್ಲ. ಮಲೆನಾಡಿನ ಹಳೆಯ ಮನೆಗಳ ತೊಲೆಗಳಲ್ಲಿ ಮತ್ತಿ ಎಷ್ಟು ಕಾಲ ನಿಂತಿದೆ ಎಂದು ಗೊತ್ತಿರುವವರು, ಅಗ್ಗದ ಗಿಟಾರ್‌ನ ಫ್ರೆಟ್‌ಬೋರ್ಡ್ ಮತ್ತಿಯದು ಎಂದು ಚಿಂತೆ ಮಾಡಬೇಕಿಲ್ಲ.

ಅಂಗಡಿಯಲ್ಲಿ: ಮೊದಲು ಕಣ್ಣು, ಆಮೇಲೆ ಬೆರಳು, ಕೊನೆಗೆ ಕಿವಿ

ಆಂಪ್‌ಗೆ ಸಿಕ್ಕಿಸಿ ಜೋರಾಗಿ ನುಡಿಸಿದ ತಕ್ಷಣ ಯಾವ ಗಿಟಾರ್ ಆದರೂ ಚೆನ್ನಾಗಿಯೇ ಕೇಳುತ್ತದೆ. ಅದಕ್ಕೆ ವೈರ್ ಹಾಕದೆ ಶುರು ಮಾಡಿ.

ಮೊದಲು ನೆಕ್. ಗಿಟಾರ್‌ನ ತಲೆಯ (ಟ್ಯೂನಿಂಗ್ ಕೀಗಳಿರುವ ತುದಿ) ಕಡೆಯಿಂದ ಕಣ್ಣಿಟ್ಟು ನೆಕ್ಕಿನ ಎರಡೂ ಅಂಚನ್ನು ನೋಡಿ. ಒಂದು ಅಂಚು ಒಂದು ಕಡೆಗೆ, ಇನ್ನೊಂದು ಬೇರೆ ಕಡೆಗೆ ತಿರುಚಿದಂತೆ ಕಂಡರೆ ಆ ಗಿಟಾರ್ ಅನ್ನು ವಾಪಸ್ ಗೋಡೆಗೆ ತೂಗುಹಾಕಿ. ತಿರುಚಿದ ನೆಕ್ಕನ್ನು ಸೆಟಪ್‌ನಿಂದ ಸರಿ ಮಾಡಲಾಗುವುದಿಲ್ಲ. ನೇರವಾಗಿ ಮುಂದಕ್ಕೋ ಹಿಂದಕ್ಕೋ ಬಾಗಿದ್ದರೆ ಪರವಾಗಿಲ್ಲ, ಒಳಗಿರುವ ಟ್ರಸ್ ರಾಡ್ ಎಂಬ ಕಬ್ಬಿಣದ ಸರಳಿನಿಂದ ಅದನ್ನು ತಿದ್ದಬಹುದು. ದಪ್ಪ ತಂತಿಯನ್ನು ಒಂದನೇ ಫ್ರೆಟ್‌ನಲ್ಲೂ ಕೊನೆಯ ಫ್ರೆಟ್‌ನಲ್ಲೂ ಒತ್ತಿ ಹಿಡಿದು ಏಳನೇ ಫ್ರೆಟ್ ಹತ್ತಿರ ನೋಡಿ. ತಂತಿಗೂ ಫ್ರೆಟ್‌ಗೂ ನಡುವೆ ಸುಮಾರು ಕಾಲು ಮಿಲಿಮೀಟರ್, ಅಂದರೆ ಒಂದು ವಿಸಿಟಿಂಗ್ ಕಾರ್ಡ್ ತೂರುವಷ್ಟು ಜಾಗ ಇರಬೇಕು. ತುಂಬಾ ಜಾಸ್ತಿ ಇದ್ದರೆ ಅಥವಾ ಏನೂ ಇಲ್ಲದಿದ್ದರೆ, ಟ್ರಸ್ ರಾಡ್ ತಿರುಗುತ್ತದೆಯೇ ಎಂದು ಅಂಗಡಿಯವರ ಕೈಯಲ್ಲೇ ತಿರುಗಿಸಿ ತೋರಿಸಲು ಹೇಳಿ. ಕೇಳಲು ಸಂಕೋಚ ಬೇಡ.

ಆಮೇಲೆ ಫ್ರೆಟ್. ನೆಕ್ಕಿನ ಅಂಚಿನ ಉದ್ದಕ್ಕೂ ಬೆರಳು ಸವರಿ. ಫ್ರೆಟ್ ತುದಿಗಳು ಗರಗಸದ ಹಾಗೆ ಚುಚ್ಚಿದರೆ ಕೆಲಸ ಅರ್ಧಕ್ಕೆ ಬಿಟ್ಟಿದ್ದಾರೆ ಎಂದರ್ಥ. ಅಗ್ಗ ಮತ್ತು ದುಬಾರಿ ನಡುವೆ ಅತಿ ಬೇಗ ತಿಳಿಯುವ ವ್ಯತ್ಯಾಸ ಇದೇ. ತುದಿ ಚುಚ್ಚುವುದನ್ನು ಸಣ್ಣ ಅರದಿಂದ ಉಜ್ಜಿ ಸರಿ ಮಾಡಬಹುದು. ಅದಕ್ಕಿಂತ ದೊಡ್ಡ ವಿಷಯ ಫ್ರೆಟ್‌ಗಳ ಎತ್ತರ. ಪ್ರತಿ ತಂತಿಯಲ್ಲೂ ಪ್ರತಿ ಫ್ರೆಟ್ ಒತ್ತಿ ಒಂದೊಂದೇ ಸ್ವರ ನುಡಿಸಿ. ಸಮಯ ಹಿಡಿಯುತ್ತದೆ, ಆದರೂ ಮಾಡಿ. ಒಂದು ಕಡೆ ಮಾತ್ರ ತಂತಿ ಝೇಂಕರಿಸಿದರೆ ಅಲ್ಲಿ ಮುಂದಿನ ಫ್ರೆಟ್ ಎದ್ದಿದೆ. ಹತ್ತನೇ ಫ್ರೆಟ್‌ನಿಂದ ಮೇಲೆ ತೆಳು ತಂತಿಗಳನ್ನು ಎಳೆದು ಬಾಗಿಸಿ ನೋಡಿ. ಸ್ವರ ಪಟ್ಟನೆ ಸತ್ತರೆ ಅದೂ ಇದೇ ದೋಷ. ವೀಣೆಯಲ್ಲಿ ಮೇಣದ ಮೇಲೆ ಮೆಟ್ಟು ಕೂರಿಸಿ ಮೇಳ ಕಟ್ಟುವವರ ಕೈ ಎಷ್ಟು ಮುಖ್ಯವೋ ಗಿಟಾರ್‌ನಲ್ಲಿ ಫ್ರೆಟ್ ಸಮ ಮಾಡುವವರ ಕೈ ಅಷ್ಟೇ ಮುಖ್ಯ. ಸಮ ಮಾಡಿಸಲು ಗಿಟಾರ್ ರಿಪೇರಿ ಮಾಡುವವರು ಕೆಲವು ಸಾವಿರ ಕೇಳುತ್ತಾರೆ. ಅಗ್ಗದ ಗಿಟಾರ್‌ಗೆ ಅದು ಗಿಟ್ಟುವುದಿಲ್ಲ. ಒಂದೆರಡು ಕಡೆಗಿಂತ ಹೆಚ್ಚು ಹೀಗಾದರೆ ಅದೇ ಮಾದರಿಯ ಬೇರೊಂದನ್ನು ಕೇಳಿ.

ಮೂರನೆಯದು ನಟ್. ನೆಕ್ಕಿನ ತುದಿಯಲ್ಲಿ ತಂತಿಗಳು ಹಾದುಹೋಗುವ ಆ ಸಣ್ಣ ಬಿಳಿ ಪಟ್ಟಿ. ಇದರ ಬಗ್ಗೆ ಹೊಸಬರಿಗೆ ಯಾರೂ ಹೇಳುವುದಿಲ್ಲ, ಅದೇ ನನಗೆ ಬೇಸರ. ಕಾರ್ಖಾನೆಯಲ್ಲಿ ತಂತಿ ಕೂರುವ ಕಚ್ಚು ಆಳವಾದರೆ ತಂತಿ ಝೇಂಕರಿಸಿ ಗಿಟಾರ್ ವಾಪಸ್ ಬರುತ್ತದೆ. ಅದಕ್ಕೆ ಅಗ್ಗದ ಗಿಟಾರ್‌ಗಳಲ್ಲಿ ಕಚ್ಚುಗಳನ್ನು ಬೇಕೆಂದೇ ಎತ್ತರದಲ್ಲಿ ಬಿಟ್ಟಿರುತ್ತಾರೆ. ಫಲವಾಗಿ ಮೊದಲ ಮೂರು ಫ್ರೆಟ್‌ಗಳಲ್ಲಿ ಬೆರಳು ವಿಪರೀತ ಒತ್ತಬೇಕಾಗುತ್ತದೆ, ಒತ್ತಿದರೆ ಸ್ವರ ಏರಿ ಅಪಶ್ರುತಿಯಾಗುತ್ತದೆ. ಎಫ್ ಕಾರ್ಡ್ (ಹಲವು ತಂತಿ ಒಟ್ಟಿಗೆ ಒತ್ತಿ ನುಡಿಸುವ ಸ್ವರಗುಚ್ಛ) ಬರುತ್ತಿಲ್ಲ ಎಂದು ಎಷ್ಟೋ ಹುಡುಗರು, ಹುಡುಗಿಯರು ಗಿಟಾರ್ ಬಿಟ್ಟುಬಿಡುತ್ತಾರೆ. ತಪ್ಪು ಅವರ ಬೆರಳಿನದಲ್ಲ. ಪರೀಕ್ಷೆ ಸುಲಭ: ತಂತಿಯನ್ನು ಮೂರನೇ ಫ್ರೆಟ್‌ನಲ್ಲಿ ಒತ್ತಿ ಹಿಡಿದು ಒಂದನೇ ಫ್ರೆಟ್ ಮೇಲೆ ನೋಡಿ. ಅಲ್ಲಿ ಕೂದಲೆಳೆಯಷ್ಟು ಮಾತ್ರ ಜಾಗ ಇರಬೇಕು. ಜಾಸ್ತಿ ಇದ್ದರೂ ಗಿಟಾರ್ ಬಿಡಬೇಕಿಲ್ಲ, ಇದು ಸರಿಯಾಗುವ ದೋಷ. ರಿಪೇರಿಯವರಿಗೆ ಹೇಳಿ ಕಚ್ಚು ಇಳಿಸಿಕೊಳ್ಳಿ.

ಶ್ರುತಿ ನಿಲ್ಲುತ್ತದೆಯೇ ನೋಡಿ. ಫೋನಿನ ಟ್ಯೂನರ್ ಆ್ಯಪ್ ಸಾಕು. ಶ್ರುತಿ ಮಾಡಿ, ಪ್ರತಿ ತಂತಿಯನ್ನೂ ಮೆಲ್ಲಗೆ ಎಳೆದು ಬಿಟ್ಟು, ಮತ್ತೆ ನೋಡಿ. ಶ್ರುತಿ ಮಾಡುವಾಗ ಟಿಂಗ್ ಎಂದು ಸದ್ದಾಗಿ ಸ್ವರ ಜಿಗಿದರೆ ತಂತಿ ನಟ್‌ನ ಕಚ್ಚಿನಲ್ಲಿ ಸಿಕ್ಕಿಕೊಳ್ಳುತ್ತಿದೆ. ಎಲ್ಲರೂ ಟ್ಯೂನಿಂಗ್ ಕೀಗಳನ್ನು ಬೈಯುತ್ತಾರೆ, ಎಷ್ಟೋ ಸಲ ಕಾರಣ ನಟ್ ಆಗಿರುತ್ತದೆ. ಕಚ್ಚಿನಲ್ಲಿ ಪೆನ್ಸಿಲ್ ಸೀಸ ತೀಡಿದರೆ ಅರ್ಧ ತೊಂದರೆ ಅಲ್ಲೇ ಹೋಗುತ್ತದೆ.

ಬಾಡಿಯ ಮೇಲೆ ತಂತಿಗಳನ್ನು ಹಿಡಿದಿಡುವ ಬ್ರಿಡ್ಜ್ ಬಗ್ಗೆ ಒಂದು ಮಾತು ಗಟ್ಟಿಯಾಗಿ ಹೇಳುತ್ತೇನೆ. ಮೊದಲ ಗಿಟಾರ್‌ಗೆ, ಅದರಲ್ಲೂ ಇಪ್ಪತ್ತೈದು ಸಾವಿರದ ಒಳಗೆ, ಫ್ಲಾಯ್ಡ್ ರೋಸ್ ಮಾದರಿಯ ತೇಲುವ ಬ್ರಿಡ್ಜ್ ಬೇಡ. ಅದು ಎರಡು ಚೂಪಾದ ಅಂಚುಗಳ ಮೇಲೆ ತೂಗಾಡುತ್ತದೆ. ಅಗ್ಗದವುಗಳಲ್ಲಿ ಲೋಹ ಮೆದು, ಅಂಚು ಬೇಗ ಸವೆಯುತ್ತದೆ. ಆಮೇಲೆ ಶ್ರುತಿ ಎಂದೂ ನಿಲ್ಲುವುದಿಲ್ಲ. ಒಂದು ತಂತಿ ಹರಿದರೆ ಉಳಿದ ಐದೂ ಶ್ರುತಿ ತಪ್ಪುತ್ತವೆ. ಅಲುಗದ ಬ್ರಿಡ್ಜ್ ಇರುವ, ಫೆಂಡರ್‌ನ ಟೆಲಿಕ್ಯಾಸ್ಟರ್ ಅಥವಾ ಲೆಸ್ ಪಾಲ್ ಆಕಾರದ ಗಿಟಾರ್ ಹೊಸಬರಿಗೆ ನೆಮ್ಮದಿ.

ಈಗ ವೈರ್ ಸಿಕ್ಕಿಸಿ. ವಾಲ್ಯೂಮ್, ಟೋನ್ ನಾಬ್ ತಿರುಗಿಸಿದಾಗ ಕರಕರ ಸದ್ದು ಬಂದರೆ ಒಳಗೆ ಧೂಳಿದೆ ಅಥವಾ ಅಗ್ಗದ ಪಾಟ್ (ನಾಬ್‌ನ ಕೆಳಗಿರುವ ವಿದ್ಯುತ್ ಭಾಗ) ಇದೆ. ಸ್ವಿಚ್‌ನ ಪ್ರತಿ ಸ್ಥಾನದಲ್ಲೂ ಸದ್ದು ಬರುತ್ತದೆಯೇ ನೋಡಿ. ಜ್ಯಾಕ್ ಹತ್ತಿರ ಪ್ಲಗ್ ಅಲುಗಿಸಿದರೆ ಸದ್ದು ಹೋಗಿ ಬರುತ್ತದೆಯೇ ನೋಡಿ. ಎಲ್ಲವೂ ಸುಲಭ ರಿಪೇರಿ, ಆದರೆ ಬೆಲೆ ಇಳಿಸಲು ಒಳ್ಳೆಯ ನೆಪ. ಒಂದು ಸುರುಳಿಯ ಪಿಕಪ್‌ಗಳಲ್ಲಿ ಸಣ್ಣ ಗುಂಯ್ ಸದ್ದು ಇರುವುದು ಸಹಜ. ಅದು ನಮ್ಮ ಮನೆಯ 50 ಹರ್ಟ್ಸ್ ಕರೆಂಟಿನ ಸದ್ದು, ಎರಡು ಲಕ್ಷದ ಸ್ಟ್ರಾಟೊಕ್ಯಾಸ್ಟರ್‌ನಲ್ಲೂ ಇರುತ್ತದೆ. ತಂತಿ ಮುಟ್ಟಿದಾಗ ಗುಂಯ್ ಕಡಿಮೆಯಾದರೆ ಗಿಟಾರ್‌ನ ಒಳಗಿನ ಗ್ರೌಂಡ್ ವೈರ್ ಸರಿಯಿದೆ. ಮನೆಗೆ ತಂದ ಮೇಲೆ ಸದ್ದು ಜಾಸ್ತಿಯಾದರೆ, ಅಥವಾ ತಂತಿ ಮುಟ್ಟಿದಾಗ ಜುಮ್ ಎಂದರೆ, ಮನೆಯ ಅರ್ಥಿಂಗ್ ಅಥವಾ ಆಂಪ್ ಸರಿಯಿಲ್ಲದಿರಬಹುದು. ತಕ್ಷಣ ಆಫ್ ಮಾಡಿ ಎಲೆಕ್ಟ್ರಿಷಿಯನ್ ಕರೆಸಿ. ಇದರಲ್ಲಿ ಸಡಿಲ ಬೇಡ, ಜೀವದ ವಿಷಯ.

ಮನೆಗೆ ತಂದ ಮೇಲೆ: ಸೆಟಪ್

ದುಬಾರಿ ಗಿಟಾರ್ ಕೈಗೆತ್ತಿಕೊಂಡ ಕೂಡಲೇ ಹಿತವಾಗಿರಲು ದೊಡ್ಡ ಕಾರಣ ಸೆಟಪ್. ಅಗ್ಗದ್ದಕ್ಕೆ ಅದನ್ನು ನೀವೇ ಕೊಡಬೇಕು. ಮಾಡಿಸಿದರೆ ಸಾಮಾನ್ಯವಾಗಿ ಒಂದೆರಡು ಸಾವಿರ ಖರ್ಚು. ಕಲಿತರೆ ಜೀವನವಿಡೀ ಉಳಿತಾಯ. ಬೇಕಾಗುವುದು ಅಲೆನ್ ಕೀಗಳ ಒಂದು ಸೆಟ್, ಸಣ್ಣ ಸ್ಕ್ರೂಡ್ರೈವರ್, ಅರ್ಧ ಮಿಲಿಮೀಟರ್ ಗೆರೆ ಇರುವ ಉಕ್ಕಿನ ಸ್ಕೇಲ್, ಟ್ಯೂನರ್ ಆ್ಯಪ್.

ಕ್ರಮ ಮುಖ್ಯ. ಹಿಂದುಮುಂದಾದರೆ ಮಾಡಿದ್ದೆಲ್ಲ ಮತ್ತೆ ಮಾಡಬೇಕಾಗುತ್ತದೆ. ಮೊದಲು ಹೊಸ ತಂತಿ ಹಾಕಿ, ಅಂಗಡಿಯಲ್ಲಿ ತಿಂಗಳುಗಟ್ಟಲೆ ನೇತಾಡಿದ ತಂತಿ ತುಕ್ಕು ಹಿಡಿದಿರುತ್ತದೆ. ಹೊಸಬರಿಗೆ 9ರಿಂದ 42ರ ಸೆಟ್ (ತಂತಿಯ ದಪ್ಪ, ಇಂಚಿನ ಸಾವಿರದ ಭಾಗಗಳಲ್ಲಿ) ಬೆರಳಿಗೆ ಹಗುರ. ಶ್ರುತಿ ಮಾಡಿ. ಆಮೇಲೆ ಟ್ರಸ್ ರಾಡ್. ಏಳನೇ ಫ್ರೆಟ್ ಹತ್ತಿರ ಜಾಗ ಜಾಸ್ತಿ ಇದ್ದರೆ ಗಡಿಯಾರದ ದಿಕ್ಕಿಗೆ ಬಿಗಿ ಮಾಡಿ, ಜಾಗವೇ ಇಲ್ಲದಿದ್ದರೆ ಎದುರು ದಿಕ್ಕಿಗೆ ಸಡಿಲಿಸಿ. ಒಂದು ಸಲಕ್ಕೆ ಕಾಲು ಸುತ್ತಿಗಿಂತ ಹೆಚ್ಚು ಬೇಡ. ಮತ್ತೆ ಶ್ರುತಿ ಮಾಡಿ, ಒಂದು ದಿನ ಬಿಟ್ಟು ನೋಡಿ, ಮರ ನಿಧಾನವಾಗಿ ಹೊಂದಿಕೊಳ್ಳುತ್ತದೆ. ಬಿಗಿಯಾಗಿ ತಿರುಗದಿದ್ದರೆ ಬಲ ಹಾಕಬೇಡಿ, ತಿಳಿದವರ ಹತ್ತಿರ ಒಯ್ಯಿರಿ.

ಮುಂದಿನದು ತಂತಿಯ ಎತ್ತರ. ಹನ್ನೆರಡನೇ ಫ್ರೆಟ್ ಮೇಲೆ ದಪ್ಪ ತಂತಿಯ ಕೆಳಗೆ ಸುಮಾರು 2 ಮಿ.ಮೀ., ತೆಳು ತಂತಿಯ ಕೆಳಗೆ 1.5 ಮಿ.ಮೀ. ಇರಲಿ. ಬ್ರಿಡ್ಜ್‌ನಲ್ಲಿ ತಂತಿ ಕೂರುವ ಸ್ಯಾಡಲ್‌ಗಳ ಸಣ್ಣ ಸ್ಕ್ರೂ ತಿರುಗಿಸಿ ಇಳಿಸುತ್ತಾ ಬನ್ನಿ. ಝೇಂಕಾರ ಶುರುವಾದ ಕಡೆ ನಿಲ್ಲಿಸಿ ಸ್ವಲ್ಪ ಏರಿಸಿ. ಆಮೇಲೆ ಇಂಟೊನೇಶನ್: ಹನ್ನೆರಡನೇ ಫ್ರೆಟ್ ಮೇಲೆ ಬೆರಳು ತಾಗಿಸಿ ಮಾತ್ರ ಬರುವ ಹಾರ್ಮೋನಿಕ್ ಸ್ವರ, ಅಲ್ಲೇ ಒತ್ತಿದಾಗ ಬರುವ ಸ್ವರ ಎರಡೂ ಒಂದೇ ಇರಬೇಕು. ಒತ್ತಿದ ಸ್ವರ ಏರಿದ್ದರೆ ಸ್ಯಾಡಲ್ ಹಿಂದಕ್ಕೆ ಸರಿಸಿ ತಂತಿ ಉದ್ದ ಮಾಡಿ, ಇಳಿದಿದ್ದರೆ ಮುಂದಕ್ಕೆ. ಪ್ರತಿ ಸಲವೂ ಮತ್ತೆ ಶ್ರುತಿ ಮಾಡಿಯೇ ನೋಡಿ.

ಕೊನೆಗೆ ಪಿಕಪ್ ಎತ್ತರ. ಇದಕ್ಕೆ ಒಂದು ರೂಪಾಯಿ ಖರ್ಚಿಲ್ಲ, ಆದರೂ ಸ್ವರದಲ್ಲಿ ಆಗುವ ಬದಲಾವಣೆ ನೋಡಿದರೆ ಸಂತೋಷವಾಗುತ್ತದೆ. ಕಾರ್ಖಾನೆಯಿಂದ ಬಂದಾಗ ಪಿಕಪ್ ತಂತಿಗೆ ತೀರಾ ಹತ್ತಿರ ಇದ್ದರೆ ಅಯಸ್ಕಾಂತ ತಂತಿಯನ್ನು ಎಳೆಯುತ್ತದೆ, ಸ್ವರ ಅಲುಗುತ್ತದೆ, ಸದ್ದು ಕಲಸಿದಂತಿರುತ್ತದೆ. ಕೊನೆಯ ಫ್ರೆಟ್ ಒತ್ತಿ ಹಿಡಿದು, ತಂತಿಗೂ ಪಿಕಪ್‌ಗೂ ನಡುವೆ ದಪ್ಪ ತಂತಿಯ ಕಡೆ ಸುಮಾರು 2 ಮಿ.ಮೀ., ತೆಳು ಕಡೆ ಅದಕ್ಕಿಂತ ಕೊಂಚ ಕಡಿಮೆ ಇಟ್ಟು ಶುರು ಮಾಡಿ. ಅಲ್ಲಿಂದ ಕಿವಿಗೆ ಹಿತವಾಗುವವರೆಗೆ ಏರಿಸಿ, ಇಳಿಸಿ.

ಊರಿನ ಹವೆಯನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ. ಬೇಸಿಗೆಯಲ್ಲಿ ಕಲಬುರಗಿ, ಬಳ್ಳಾರಿ ಕಡೆ ಮರ ಒಣಗಿ ಕುಗ್ಗುತ್ತದೆ, ಫ್ರೆಟ್ ತುದಿ ಹೊರಗೆ ಚುಚ್ಚತೊಡಗುತ್ತದೆ. ಮಳೆಗಾಲದಲ್ಲಿ ಮಂಗಳೂರು, ಮಡಿಕೇರಿ ಕಡೆ ತೇವ ಹೀರಿ ನೆಕ್ಕು ಬಾಗುತ್ತದೆ, ತಂತಿ ಬೇಗ ತುಕ್ಕು ಹಿಡಿಯುತ್ತದೆ. ಚೆನ್ನಾಗಿ ಒಣಗಿಸಿದ ಮರದ ದುಬಾರಿ ನೆಕ್ಕುಗಳಿಗೆ ಇದು ಕಡಿಮೆ, ಆದರೆ ತಪ್ಪಿದ್ದಲ್ಲ. ವರ್ಷಕ್ಕೆ ಎರಡು ಸಲ, ಮಳೆಗಾಲದ ಮುಂಚೆ ಮತ್ತು ಚಳಿಗಾಲದ ಕೊನೆಗೆ, ಟ್ರಸ್ ರಾಡ್ ನೋಡಿಕೊಂಡರೆ ಸಾಕು.

ಏನು ಬದಲಿಸಬೇಕು, ಏನು ಬೇಡ

ಸೆಟಪ್ ಆದ ಮೇಲೂ ಏನಾದರೂ ಕಾಡಿದರೆ ಮಾತ್ರ ಭಾಗ ಬದಲಿಸಿ. ಮೊದಲು ನಟ್. ಪ್ಲಾಸ್ಟಿಕ್ ತೆಗೆದು ಮೂಳೆಯದೋ ಗ್ರಾಫೈಟ್‌ನದೋ ಹಾಕಿಸಿದರೆ ಶ್ರುತಿ ನಿಲ್ಲುವುದರಲ್ಲಿ ವ್ಯತ್ಯಾಸ ಕಾಣುತ್ತದೆ. ಆಮೇಲೆ ಪಾಟ್ ಮತ್ತು ಸ್ವಿಚ್. ಒಂದು ಸುರುಳಿಯ ಪಿಕಪ್‌ಗೆ 250 ಕಿಲೋ ಓಮ್, ಎರಡು ಸುರುಳಿಯ ಹಂಬಕರ್‌ಗೆ 500 ಕಿಲೋ ಓಮ್ ಪಾಟ್ ವಾಡಿಕೆ. ಬೆಂಗಳೂರಿನವರಾದರೆ ಎಸ್‌ಪಿ ರಸ್ತೆಯಲ್ಲಿ ಸೋಲ್ಡರ್, ಕಾಂಟ್ಯಾಕ್ಟ್ ಕ್ಲೀನರ್, ವೈರ್ ಎಲ್ಲ ಸಿಗುತ್ತದೆ. ಕರಕರ ಸದ್ದಿಗೆ ಮೊದಲು ಕ್ಲೀನರ್ ಹೊಡೆದು ನೋಡಿ, ಬಹಳ ಸಲ ಅಷ್ಟೇ ಸಾಕಾಗುತ್ತದೆ.

ಪಿಕಪ್ ಕೊನೆಗೆ. ಅಗ್ಗದ್ದರಲ್ಲಿ ಸಾಮಾನ್ಯವಾಗಿ ಸೆರಾಮಿಕ್ ಅಯಸ್ಕಾಂತ, ಮೇಲಿನವುಗಳಲ್ಲಿ ಅಲ್ಯೂಮಿನಿಯಂ, ನಿಕಲ್, ಕೋಬಾಲ್ಟ್ ಬೆರೆಸಿದ ಆಲ್ನಿಕೊ. ಸೆರಾಮಿಕ್ ಸ್ವಲ್ಪ ಹರಿತ, ಆಲ್ನಿಕೊ ಸ್ವಲ್ಪ ಮೃದು. ಎಷ್ಟೋ ಹೆವಿ ಮೆಟಲ್ ವಾದಕರಿಗೆ ಸೆರಾಮಿಕ್ಕೇ ಬೇಕು. ಅಂದರೆ ಇದು ಮೇಲು ಕೀಳಿನ ವಿಷಯವಲ್ಲ, ರುಚಿಯ ವಿಷಯ. ಹದಿನೈದು ಸಾವಿರದ ಗಿಟಾರ್‌ಗೆ ಹದಿನೈದು ಸಾವಿರದ ಪಿಕಪ್ ಹಾಕಿಸಿದರೆ ಮಾರುವಾಗ ಆ ದುಡ್ಡು ಬರುವುದಿಲ್ಲ. ಹಾಕಿಸಿದರೂ ಹಳೆಯದನ್ನು ಜೋಪಾನವಾಗಿ ಇಟ್ಟುಕೊಳ್ಳಿ.

ಆ ದುಡ್ಡು ಆಂಪ್‌ಗೆ ಹಾಕುವುದು ಮೇಲು. ಇಪ್ಪತ್ತು ಸಾವಿರದ ಗಿಟಾರ್ ಅನ್ನು ಒಳ್ಳೆಯ ಆಂಪ್‌ಗೆ ಸಿಕ್ಕಿಸಿದರೆ ಬರುವ ಸದ್ದು, ಎಂಬತ್ತು ಸಾವಿರದ ಗಿಟಾರ್ ಅನ್ನು ಡಬ್ಬಾ ಆಂಪ್‌ಗೆ ಸಿಕ್ಕಿಸಿದರೆ ಬರುವುದಿಲ್ಲ. ಗಿಟಾರ್, ಆಂಪ್, ಬ್ಯಾಗು, ಕೇಬಲ್ ಎಲ್ಲ ಸೇರಿಸಿ ಹತ್ತು ಸಾವಿರಕ್ಕೆ ಕೊಡುವ ಪೆಟ್ಟಿಗೆಗಳಲ್ಲಿ ಅತಿ ಕೆಟ್ಟ ವಸ್ತು ಆ ಆಂಪ್ ಆಗಿರುತ್ತದೆ. ಅದರ ಬದಲು ಬಾಸ್ ಕಟಾನಾ, ಯಮಹಾ ಟಿಎಚ್‌ಆರ್‌ನಂಥ, ಹಲವು ಆಂಪ್‌ಗಳ ಸದ್ದನ್ನು ಒಳಗೇ ಇಟ್ಟುಕೊಂಡಿರುವ ಸಣ್ಣ ಆಂಪ್ ತೆಗೆದುಕೊಳ್ಳಿ. ಫ್ಲಾಟಿನಲ್ಲಿರುವವರು ಇಯರ್‌ಫೋನ್ ಹಾಕಿಕೊಂಡು ರಾತ್ರಿ ಹೊತ್ತೂ ಅಭ್ಯಾಸ ಮಾಡಬಹುದು.

ಹಾಗಾದರೆ ದುಬಾರಿಯದು ಯಾರಿಗೆ?

ದುಬಾರಿ ಗಿಟಾರ್‌ನಲ್ಲಿ ಗುಣವಿಲ್ಲ ಎಂದು ನಾನು ಹೇಳುತ್ತಿಲ್ಲ. ಫ್ರೆಟ್‌ಗಳು ಸಮವಾಗಿರುತ್ತವೆ, ನೆಕ್ಕಿನ ಅಂಚನ್ನು ಉಜ್ಜಿ ದುಂಡಗೆ ಮಾಡಿರುವುದರಿಂದ ಗಂಟೆಗಟ್ಟಲೆ ನುಡಿಸಿದರೂ ಅಂಗೈ ನೋಯುವುದಿಲ್ಲ. ಟ್ಯೂನಿಂಗ್ ಕೀ, ಬ್ರಿಡ್ಜ್ ಒಳ್ಳೆಯ ಲೋಹದವು. ತೂಕ ನೋಡಿ ಮರ ಆರಿಸಿರುತ್ತಾರೆ. ವೈರಿಂಗ್ ಅಚ್ಚುಕಟ್ಟಾಗಿರುತ್ತದೆ, ಹೊರಗಿನ ಸದ್ದು ಒಳಗೆ ಬರದಂತೆ ತಡೆ ಇರುತ್ತದೆ. ಎಲ್ಲಕ್ಕಿಂತ ದೊಡ್ಡದು ಏಕರೂಪತೆ: ಹತ್ತು ತೆಗೆದುಕೊಂಡರೆ ಹತ್ತೂ ಬಹುತೇಕ ಒಂದೇ ಥರ ಇರುತ್ತವೆ. ಅಗ್ಗದ್ದರಲ್ಲಿ ಹತ್ತರಲ್ಲಿ ಚೆನ್ನಾಗಿರುವುದನ್ನು ಹುಡುಕುವ ಕೆಲಸ ನಿಮ್ಮದು. ವಾರಕ್ಕೆ ಎರಡು ಮೂರು ಕಾರ್ಯಕ್ರಮ ಕೊಡುವವರಿಗೆ, ಸ್ಟುಡಿಯೋದಲ್ಲಿ ಕೆಲಸ ಮಾಡುವವರಿಗೆ, ಬೇರೆ ಊರುಗಳಿಗೆ ಹೊತ್ತು ತಿರುಗುವವರಿಗೆ ಇದೆಲ್ಲ ಬೇಕು. ಅಂಥವರಿಗೂ ಮೂರನೆಯ ಮೆಟ್ಟಿಲೇ ಹೆಚ್ಚಾಗಿ ಸಾಕಾಗುತ್ತದೆ.

ಒಂದು ವಿಷಯದಲ್ಲಿ ದುಬಾರಿಯದು ಸುರಕ್ಷಿತ. ಹೆಸರಾಂತ ಕಂಪನಿಯ ಗಿಟಾರ್ ಮತ್ತೆ ಮಾರಿದರೆ ಒಳ್ಳೆಯ ಬೆಲೆ ಸಿಗುತ್ತದೆ. ಇದೇ ಕಾರಣಕ್ಕೆ ಸೆಕೆಂಡ್ ಹ್ಯಾಂಡ್ ಕೊಳ್ಳುವುದೂ ಜಾಣತನ. ಉತ್ಸಾಹದಿಂದ ಕೊಂಡು ಕಪಾಟಿನಲ್ಲಿಟ್ಟವರ ಗಿಟಾರ್‌ಗಳು ಬೆಂಗಳೂರು, ಮೈಸೂರುಗಳಲ್ಲಿ ಬೇಕಾದಷ್ಟು ಸಿಗುತ್ತವೆ. ಆದರೆ ಮೇಲೆ ಹೇಳಿದ ನೆಕ್, ಫ್ರೆಟ್ ಪರೀಕ್ಷೆ ಬಿಡಬೇಡಿ. ಜೊತೆಗೆ ತೆಳು ತಂತಿಗಳ ಕೆಳಗೆ ಫ್ರೆಟ್‌ನಲ್ಲಿ ಆಳವಾದ ಹಳ್ಳ ಬಿದ್ದಿದೆಯೇ ನೋಡಿ. ಬಿದ್ದಿದ್ದರೆ ಹೊಸ ಫ್ರೆಟ್ ಹಾಕಿಸುವ ಖರ್ಚನ್ನು ಬೆಲೆಯಿಂದ ಕಳೆದು ಮಾತಾಡಿ. ತಲೆಯ ಹಿಂಭಾಗ, ನೆಕ್ಕು ಕೂಡುವ ಜಾಗ ಇಲ್ಲೆಲ್ಲ ಕೂದಲೆಳೆ ಬಿರುಕು ಇದೆಯೇ ಎಂದು ಟಾರ್ಚ್ ಹಿಡಿದು ನೋಡಿ. ಗಿಬ್ಸನ್, ಎಪಿಫೋನ್ ಆಕಾರದವುಗಳಲ್ಲಿ ತಲೆ ಹಿಂದಕ್ಕೆ ಬಾಗಿರುವುದರಿಂದ ಬಿದ್ದರೆ ಮುರಿಯುವುದು ಅಲ್ಲೇ.

ಎರಡು ಮೂರು ವರ್ಷ ನುಡಿಸಿದ ಮೇಲೆ ದುಬಾರಿ ಗಿಟಾರ್ ಬೇಕೆನಿಸಿದರೆ, ನಿಮ್ಮ ಹಳೆಯದನ್ನು ಸೆಟಪ್ ಮಾಡಿಸಿ, ಹೊಸ ತಂತಿ ಹಾಕಿ ಅಂಗಡಿಗೆ ಒಯ್ಯಿರಿ. ಎರಡನ್ನೂ ಒಂದೇ ಆಂಪ್‌ಗೆ, ನಾಬ್‌ಗಳನ್ನು ಮುಟ್ಟದೆ, ಒಂದಾದ ಮೇಲೆ ಒಂದು ಸಿಕ್ಕಿಸಿ ನುಡಿಸಿ. ಹಾಡು ಅದೇ ಇರಲಿ. ಸಾಧ್ಯವಾದರೆ ಸ್ನೇಹಿತರೊಬ್ಬರು ಬೆನ್ನು ತಿರುಗಿಸಿ ನಿಂತು ಕೇಳಲಿ. ಕೈಗೆ ಹೊಸದರಲ್ಲಿ ನಿಜವಾಗಿಯೂ ಸುಖವಿದ್ದರೆ ತೆಗೆದುಕೊಳ್ಳಿ. ಅರ್ಧ ಗಂಟೆ ನುಡಿಸಿದ ಮೇಲೂ ಬೆಲೆಯ ಚೀಟಿ ನೋಡದೆ ವ್ಯತ್ಯಾಸ ಹೇಳಲು ಬಾರದಿದ್ದರೆ ಹಳೆಯದನ್ನೇ ಹೆಗಲಿಗೇರಿಸಿಕೊಂಡು ಮನೆಗೆ ಬನ್ನಿ, ಆ ದುಡ್ಡಿನಲ್ಲಿ ಒಬ್ಬ ಒಳ್ಳೆಯ ಗುರುವಿನ ಹತ್ತಿರ ಒಂದು ವರ್ಷ ಪಾಠ ಹೇಳಿಸಿಕೊಳ್ಳಬಹುದು.